ಫೈನಲ್ ಫ್ಯಾಂಟಸಿ 10: ಸ್ಪೀರಾ ಯಾತ್ರೆಗೆ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಜಪಾನಿನ ರೋಲ್ ಪ್ಲೇಯಿಂಗ್ ಆಟಗಳನ್ನು ದೂರ ಇಡುವವರು ಹೇಳುವ ಕಾರಣ ಬಹುಮಟ್ಟಿಗೆ ಒಂದೇ. ಗಂಟೆಗಟ್ಟಲೆ ಒಂದೇ ಬಯಲಿನಲ್ಲಿ ಸುತ್ತುತ್ತಾ, ಎದುರಾದ ಜಂತುಗಳನ್ನೆಲ್ಲ ಬಡಿಯುತ್ತಾ ಲೆವೆಲ್ ಏರಿಸಿಕೊಳ್ಳುವ ತಾಳ್ಮೆ ತಮಗಿಲ್ಲ ಎನ್ನುತ್ತಾರೆ. ಕೆಲವು ಆಟಗಳ ವಿಷಯದಲ್ಲಿ ಈ ದೂರು ನಿಜವೇ. ಫೈನಲ್ ಫ್ಯಾಂಟಸಿ 10ರ ವಿಷಯದಲ್ಲಿ ಮಾತ್ರ ಅಲ್ಲ. ಇಲ್ಲಿ ಲೆವೆಲ್ ಎಂಬುದೇ ಇಲ್ಲ. ಸೋತವರು ಬಲ ಸಾಲದೆ ಸೋತಿರುವುದಕ್ಕಿಂತ, ಪರದೆಯ ಮೇಲೆ ಕಾಣುತ್ತಿದ್ದ ಮಾಹಿತಿಯನ್ನು ಓದದೆ ಸೋತಿರುವುದೇ ಹೆಚ್ಚು. ಹೇಗೆ ಓದುವುದು ಎಂಬುದನ್ನು ಹೇಳುವುದೇ ಈ ಬರಹದ ಮುಖ್ಯ ಕೆಲಸ. ಕತೆಯ ದೊಡ್ಡ ತಿರುವುಗಳನ್ನು ಬಿಟ್ಟುಕೊಡುವುದಿಲ್ಲ, ನಿಶ್ಚಿಂತೆಯಿಂದ ಓದಬಹುದು.

ಯಾವುದರಲ್ಲಿ ಆಡುವುದು

ಸ್ಕ್ವೇರ್ ಕಂಪನಿ ಈ ಆಟವನ್ನು 2001ರ ಜುಲೈನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಿಡುಗಡೆ ಮಾಡಿತು. ಸರಣಿಯಲ್ಲಿ ಪಾತ್ರಗಳು ದನಿ ತೆರೆದು ಮಾತನಾಡಿದ ಮೊದಲ ಆಟ ಇದು. ಈಗ ಹಳೆಯ ಡಿಸ್ಕ್ ಹುಡುಕುವ ಅಗತ್ಯವಿಲ್ಲ. ಎಚ್‌ಡಿ ರೀಮಾಸ್ಟರ್ ಪ್ಲೇಸ್ಟೇಷನ್ 4, ಪಿಸಿ, ನಿಂಟೆಂಡೊ ಸ್ವಿಚ್, ಎಕ್ಸ್‌ಬಾಕ್ಸ್ ಒನ್ ಎಲ್ಲದರಲ್ಲೂ ಸಿಗುತ್ತದೆ, ಇದರ ಮುಂದುವರಿದ ಭಾಗವೂ ಜೊತೆಗೇ ಬರುತ್ತದೆ. ಪಿಸಿ ಆವೃತ್ತಿಯಲ್ಲಿ ಆಟದ ವೇಗ ಹೆಚ್ಚಿಸುವ, ದಾರಿಯಲ್ಲಿ ಶತ್ರುಗಳೇ ಎದುರಾಗದಂತೆ ಮಾಡುವ ಸೌಲಭ್ಯಗಳಿವೆ. ವೇಗ ಹೆಚ್ಚಿಸಿಕೊಳ್ಳಿ, ತಪ್ಪಿಲ್ಲ. ಎರಡನೆಯದನ್ನು ಮಾತ್ರ ಮುಟ್ಟಬೇಡಿ. ದಾರಿಯ ಕದನಗಳನ್ನು ತಪ್ಪಿಸಿಕೊಂಡು ಹೋದವರು ಗಗಜೆಟ್ ಬೆಟ್ಟದ ಮೇಲೆ ಅದರ ಬೆಲೆ ತೆರುತ್ತಾರೆ.

ಹೊಸ ಆಟ ಶುರು ಮಾಡಿದ ಕೂಡಲೇ ಪಾತ್ರಗಳನ್ನು ಬೆಳೆಸುವ ನಕ್ಷೆಯಾದ ಸ್ಫಿಯರ್ ಗ್ರಿಡ್ ಸ್ಟ್ಯಾಂಡರ್ಡ್ ಬೇಕೋ ಎಕ್ಸ್‌ಪರ್ಟ್ ಬೇಕೋ ಎಂದು ಕೇಳುತ್ತದೆ. ಇದನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಮೊದಲ ಸಲ ಆಡುವವರು ಸ್ಟ್ಯಾಂಡರ್ಡ್ ಆರಿಸಿಕೊಳ್ಳಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಸ್ಪೀರಾ ಎಂಬ ಲೋಕ

ಆಟ ತೆರೆದುಕೊಳ್ಳುವುದು ಒಂದು ಪಾಳು ನಗರದ ಅಂಚಿನಲ್ಲಿ, ಬೆಂಕಿಯ ಸುತ್ತ ಮೌನವಾಗಿ ಕೂತ ಏಳು ಮಂದಿಯೊಂದಿಗೆ. ಅವರಲ್ಲೊಬ್ಬ ತನ್ನ ಕತೆ ಹೇಳಲು ಶುರು ಮಾಡುತ್ತಾನೆ. ನೀವು ಮುಂದಿನ ಹಲವು ಗಂಟೆ ಆಡುವುದೆಲ್ಲ ಅವನು ಹೇಳುತ್ತಿರುವ ಹಿಂದಿನ ಕತೆ. ದಾರಿಯ ಕೊನೆ ಎಲ್ಲಿ ಎಂಬುದು ಮೊದಲ ನಿಮಿಷದಲ್ಲೇ ಕಣ್ಣೆದುರಿಗಿದೆ. ಅಲ್ಲಿಗೆ ಏಕೆ ಬಂದರು, ಆ ಮುಖಗಳೇಕೆ ಅಷ್ಟು ಬಾಡಿವೆ ಎಂಬುದಷ್ಟೇ ಪ್ರಶ್ನೆ.

ಕತೆ ಹೇಳುವವನು ಟೀಡಸ್, ಝನಾರ್ಕಂಡ್ ಎಂಬ ದೀಪಗಳ ಮಹಾನಗರದಲ್ಲಿ ಬ್ಲಿಟ್ಸ್‌ಬಾಲ್ ಎಂಬ ನೀರೊಳಗಿನ ಚೆಂಡಾಟದ ಆಟಗಾರ. ಅವನ ಹೆಸರನ್ನು ನಾವು ಬದಲಿಸಿಕೊಳ್ಳಬಹುದು, ಹಾಗಾಗಿ ಇಡೀ ಆಟದಲ್ಲಿ ಯಾರ ಬಾಯಲ್ಲೂ ಆ ಹೆಸರು ಕೇಳಿಸುವುದಿಲ್ಲ. ಅವನ ನಗರದ ಮೇಲೆ ಸಿನ್ ಎಂಬ ಭೀಮಕಾಯದ ಜೀವಿ ಎರಗುತ್ತದೆ. ಎಚ್ಚರವಾದಾಗ ಅವನು ಸ್ಪೀರಾದಲ್ಲಿರುತ್ತಾನೆ. ಅಲ್ಲಿಯ ಜನ ಅವನಿಗೆ ಹೇಳುವುದು ಇಷ್ಟು: ಝನಾರ್ಕಂಡ್ ನಾಶವಾಗಿ ಸಾವಿರ ವರ್ಷವಾಯಿತು.

ಸ್ಪೀರಾವನ್ನು ರೂಪಿಸುವಾಗ ಆಟದ ತಂಡ ಯುರೋಪಿನ ಕೋಟೆ, ನೈಟ್‌ಗಳ ಸಿದ್ಧ ಮಾದರಿಯನ್ನು ಬಿಟ್ಟು ಓಕಿನಾವ, ಥಾಯ್ಲೆಂಡ್, ದಕ್ಷಿಣ ಪೆಸಿಫಿಕ್ ದ್ವೀಪಗಳ ಕಡೆ ನೋಡಿತು. ಬಿಸೈಡ್ ದ್ವೀಪದ ತಿಳಿನೀಲಿ ಕಡಲು, ನೀರಿನ ಮೇಲೆ ಹಲಗೆ ಹಾಸಿ ಕಟ್ಟಿದ ಕಿಲಿಕಾ ಬಂದರು, ಕತೆಯ ನಾಯಕಿ ಯೂನಾಳ ಉಡುಪಿನ ಹೂವುಗಳು ಎಲ್ಲದರಲ್ಲೂ ಆ ಬೇಸಿಗೆಯ ಏಷ್ಯಾ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಬೆಳೆದವರಿಗೆ ಈ ಲೋಕ ಅಷ್ಟೇನೂ ಪರಕೀಯ ಎನಿಸಲಾರದು.

ಆ ಚೆಲುವಿನ ಮೇಲೆ ಸಿನ್‌ನ ನೆರಳಿದೆ. ಊರು ಸ್ವಲ್ಪ ದೊಡ್ಡದಾದರೆ ಸಿನ್ ಬಂದು ನೆಲಸಮ ಮಾಡುತ್ತದೆ. ಯೆವೊನ್ ಎಂಬ ಧರ್ಮಪೀಠದ ಬೋಧನೆಯ ಪ್ರಕಾರ ಇದು ಮನುಷ್ಯರು ಯಂತ್ರಗಳನ್ನು ನಂಬಿ ಅಹಂಕಾರದಿಂದ ಮೆರೆದದ್ದಕ್ಕೆ ಸಿಕ್ಕ ಶಿಕ್ಷೆ. ಆದ್ದರಿಂದ ಮಕೀನಾ, ಅಂದರೆ ಯಂತ್ರಗಳು, ನಿಷಿದ್ಧ. ಪಾಪ ತೀರುವವರೆಗೆ ಒಂದೇ ದಾರಿ: ಸಮ್ಮನರ್ ಎಂಬ ದೀಕ್ಷಿತರು ಗುಡಿಯಿಂದ ಗುಡಿಗೆ ಯಾತ್ರೆ ಮಾಡಿ, ಅಲ್ಲಿಯ ಫೇತ್ ಎಂಬ ಆತ್ಮಗಳಿಗೆ ಪ್ರಾರ್ಥಿಸಿ, ಈಯಾನ್ ಎಂಬ ಶಕ್ತಿಗಳನ್ನು ಪಡೆದು, ಕೊನೆಗೆ ಝನಾರ್ಕಂಡ್ ಪಾಳುನಗರದಲ್ಲಿ ಅಂತಿಮ ಈಯಾನ್ ಪಡೆದು ಸಿನ್‌ನನ್ನು ಸೋಲಿಸುವುದು. ಆಗ ಕೆಲವು ವರ್ಷ ನೆಮ್ಮದಿ. ಆಮೇಲೆ ಸಿನ್ ಮತ್ತೆ ಬರುತ್ತದೆ. ಹತ್ತು ವರ್ಷದ ಹಿಂದೆ ಯೂನಾಳ ತಂದೆ ಬ್ರಾಸ್ಕಾ ಈ ಕೆಲಸ ಮಾಡಿದ್ದ. ಈಗ ಮಗಳು ಹೊರಟಿದ್ದಾಳೆ.

ದಾರಿ ಹೆಚ್ಚೂಕಡಿಮೆ ಒಂದೇ ಗೆರೆ, ಅಡ್ಡದಾರಿಗಳಿಲ್ಲ ಎಂದು ಈ ಆಟವನ್ನು ಟೀಕಿಸುವವರಿದ್ದಾರೆ. ನನಗೆ ಅದು ದೋಷವೆನಿಸುವುದಿಲ್ಲ. ಇದು ಯಾತ್ರೆ. ಯಾತ್ರಿಕರು ನಡೆದು ನಡೆದು ಸವೆದ ದಾರಿಯಲ್ಲೇ ನಾವೂ ನಡೆಯುತ್ತೇವೆ, ಎದುರಿಗೆ ಸಿಕ್ಕವರೆಲ್ಲ ಯೂನಾಳಿಗೆ ಕೈಮುಗಿಯುತ್ತಾರೆ. ಆ ಗೌರವದ ಹಿಂದೆ ಏನಿದೆ ಎಂಬುದು ಟೀಡಸ್‌ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಅದನ್ನು ಅಂತರ್ಜಾಲದಲ್ಲಿ ಹುಡುಕಬೇಡಿ. ಬದಲಿಗೆ ದಾರಿಯಲ್ಲಿ ನಿಂತವರನ್ನೆಲ್ಲ ಒಮ್ಮೆ ಮಾತನಾಡಿಸಿ. ಮಿಹೆನ್ ಹೆದ್ದಾರಿ ದಾಟಿದ ಮೇಲೆ ಸಿನ್ ವಿರುದ್ಧ ನಿಷಿದ್ಧ ಯಂತ್ರಗಳನ್ನೇ ಬಳಸುವ ಕಾರ್ಯಾಚರಣೆಯೊಂದು ನಡೆಯುತ್ತದೆ. ಅಲ್ಲಿ ಧರ್ಮಪೀಠದ ಹಿರಿಯರು ಎಲ್ಲಿ ನಿಂತಿದ್ದಾರೆ, ಏನು ಮಾತನಾಡುತ್ತಾರೆ ಎಂಬುದನ್ನು ಗಮನಿಸಿದರೆ ಮುಂದಿನ ಅರ್ಧ ಕತೆಗೆ ಕೀಲಿಕೈ ಸಿಕ್ಕ ಹಾಗೆ.

ಏಳು ಮಂದಿ, ಏಳು ಕೆಲಸ

ಏಕಕಾಲಕ್ಕೆ ಮೂವರು ಮಾತ್ರ ಕದನದಲ್ಲಿರುತ್ತಾರೆ. ಯಾರನ್ನು ಯಾವಾಗ ಇಳಿಸಬೇಕು ಎಂಬುದಕ್ಕೆ ಆಟವೇ ಬಿಸೈಡ್ ಊರಿನಿಂದ ಹೊರಬೀಳುವ ದಾರಿಯಲ್ಲಿ ಪಾಠ ಮಾಡುತ್ತದೆ. ಮೊದಲು ಡಿಂಗೊ ಎಂಬ ತೋಳದಂಥ ಪ್ರಾಣಿ ಬರುತ್ತದೆ. ಅದು ಚುರುಕು, ಟೀಡಸ್‌ನ ಕತ್ತಿಗೆ ಮಾತ್ರ ಸುಲಭವಾಗಿ ಸಿಗುತ್ತದೆ. ಹಾರುವ ಕಾಂಡರ್ ಹಕ್ಕಿಗೆ ವಕ್ಕಾನ ಚೆಂಡು ಬೇಕು. ಲೋಳೆಯಂಥ ವಾಟರ್ ಫ್ಲಾನ್ ಮೇಲೆ ಕತ್ತಿ ಬೀಸಿದರೆ ಗೀರೂ ಬೀಳುವುದಿಲ್ಲ, ಲೂಲೂ ಒಂದು ಸಿಡಿಲಿನ ಮಂತ್ರ ಹಾಕಿದರೆ ಅದರ ಕತೆ ಮುಗಿಯಿತು. ಈ ಮೂರು ಪಾಠ ಕೊನೆಯವರೆಗೂ ಬದಲಾಗುವುದಿಲ್ಲ, ಶತ್ರುಗಳ ಬಣ್ಣ ಮತ್ತು ಗಾತ್ರ ಮಾತ್ರ ಬದಲಾಗುತ್ತವೆ.

ಆಮೇಲೆ ಸೇರುವ ಔರಾನ್ ಗಟ್ಟಿ ಚಿಪ್ಪಿನವರಿಗೆ ಮದ್ದು. ಅವನ ಕತ್ತಿಯಲ್ಲಿ ಪಿಯರ್ಸಿಂಗ್ ಗುಣವಿದೆ, ಮಿಹೆನ್ ಹೆದ್ದಾರಿಯ ರಾಲ್ಡೊಗಳಂಥ ಕವಚದ ಪ್ರಾಣಿಗಳನ್ನು ಅದು ಸೀಳುತ್ತದೆ. ಕಿಮಾರಿಯ ಈಟಿಗೂ ಅದೇ ಗುಣವಿದೆ. ರಿಕ್ಕು ಬರುವುದು ತಡವಾಗಿ, ಆದರೆ ಯಂತ್ರಗಳ ಎದುರು ಅವಳನ್ನು ಮೀರಿಸುವವರಿಲ್ಲ: ಮಕೀನಾ ಶತ್ರುವಿನಿಂದ ಅವಳು ಒಂದು ಬಿಡಿಭಾಗ ಕದ್ದರೆ ಸಾಕು, ಅದು ಅಲ್ಲೇ ಕುಸಿದು ಬೀಳುತ್ತದೆ. ಯೂನಾ ಗಾಯ ಮಾಯಿಸುತ್ತಾಳೆ, ಈಯಾನ್‌ಗಳನ್ನು ಕರೆಯುತ್ತಾಳೆ.

ಮಂತ್ರಗಳ ಲೆಕ್ಕ ಸರಳ. ಬೆಂಕಿಗೆ ಹಿಮ, ಹಿಮಕ್ಕೆ ಬೆಂಕಿ, ನೀರಿಗೆ ಸಿಡಿಲು, ಸಿಡಿಲಿಗೆ ನೀರು. ಬಾಂಬ್ ಎಂಬ ಉರಿಯುವ ಉಂಡೆ ಎದುರಾದರೆ ಹಿಮ ಹಾಕಿ ಬೇಗ ಮುಗಿಸಿ. ಕತ್ತಿಯಲ್ಲಿ ಕುಟ್ಟುತ್ತಾ ಕೂತರೆ ಪ್ರತಿ ಏಟಿಗೂ ಊದಿಕೊಂಡು ಕೊನೆಗೆ ನಿಮ್ಮಲ್ಲೊಬ್ಬರ ಮೇಲೆ ಸಿಡಿಯುತ್ತದೆ.

ಸರದಿ ಪಟ್ಟಿಯನ್ನು ಓದುವುದು

ಈ ಆಟದ ಹಿಂದಿನ ಹಲವು ಭಾಗಗಳಲ್ಲಿ ಕದನದ ಗಡಿಯಾರ ನಿಲ್ಲದೆ ಓಡುತ್ತಿತ್ತು. ನೀವು ಮೆನುವಿನಲ್ಲಿ ತಡಕಾಡುತ್ತಿರುವಾಗಲೇ ಶತ್ರು ಹೊಡೆದುಬಿಡುತ್ತಿದ್ದ. ಹತ್ತನೆಯ ಭಾಗದಲ್ಲಿ ಆ ಗಡಿಯಾರವನ್ನೇ ತೆಗೆದರು. ನಿಮ್ಮ ಪಾತ್ರದ ಸರದಿ ಬಂದಾಗ ಲೋಕವೇ ನಿಂತು ಕಾಯುತ್ತದೆ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರೂ ಶತ್ರು ಕದಲುವುದಿಲ್ಲ. ಇದು ಚದುರಂಗದ ಹತ್ತಿರದ ಸಂಬಂಧಿ, ಒಂದೇ ವ್ಯತ್ಯಾಸವೆಂದರೆ ಮುಂದಿನ ನಡೆಗಳು ಯಾರದು ಎಂಬುದು ಇಲ್ಲಿ ಮೊದಲೇ ಬರೆದಿರುತ್ತದೆ.

ಆ ಬರಹವೇ ಪರದೆಯ ಬಲ ಮೇಲ್ಮೂಲೆಯ ಸರದಿ ಪಟ್ಟಿ. ಮೇಲಿನ ಚಿತ್ರ ಈಗ ಆಡುವವರದು, ಅದರ ಕೆಳಗಿನವು ಮುಂದಿನವರದು. ಹೊಸಬರು ಇದನ್ನು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಮೊದಲ ಕದನದಿಂದಲೇ ಈ ಅಭ್ಯಾಸ ಮಾಡಿಕೊಳ್ಳಿ:

1. ಆಜ್ಞೆ ಒತ್ತುವ ಮೊದಲು ಅದರ ಮೇಲೆ ಕರ್ಸರ್ ಇಟ್ಟು ಪಟ್ಟಿ ನೋಡಿ. ಆ ಕೆಲಸ ಮಾಡಿದರೆ ನಿಮ್ಮ ಮುಂದಿನ ಸರದಿ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಪಟ್ಟಿ ಅಲ್ಲೇ ಬದಲಾಗಿ ತೋರಿಸುತ್ತದೆ. ವಸ್ತು ಬಳಸುವುದು ಹಗುರ ಕೆಲಸ, ಸರದಿ ಬೇಗ ಬರುತ್ತದೆ. ಭಾರಿ ಏಟುಗಳು ನಿಮ್ಮನ್ನು ಹಿಂದಕ್ಕೆ ತಳ್ಳುತ್ತವೆ.

2. ಶತ್ರುವಿನ ಸರದಿಗೆ ಮೊದಲು ನಿಮ್ಮವರ ಸರದಿ ಎಷ್ಟಿವೆ ಎಂದು ಎಣಿಸಿ. ಎರಡಿದ್ದರೆ ಮೊದಲನೆಯದರಲ್ಲಿ ಹೊಡೆದು ಎರಡನೆಯದರಲ್ಲಿ ಗಾಯ ಮಾಯಿಸಬಹುದು. ಒಂದೇ ಇದ್ದರೆ ಆಸೆ ಬಿಟ್ಟು ಗಾಯ ನೋಡಿಕೊಳ್ಳಿ.

3. ಟೀಡಸ್‌ಗೆ ಹೇಸ್ಟ್ ಎಂಬ ವೇಗದ ಮಂತ್ರ ಸಿಕ್ಕ ದಿನದಿಂದ ಪ್ರತಿ ಬಾಸ್ (ದೊಡ್ಡ ಶತ್ರು) ಕದನವನ್ನೂ ಅದರಿಂದಲೇ ಆರಂಭಿಸಿ. ಅದು ಯಾರ ಮೇಲೆ ಬಿದ್ದರೂ ಪಟ್ಟಿಯಲ್ಲಿ ಅವರ ಚಿತ್ರಗಳು ಹೆಚ್ಚಾಗುವುದು ಕಣ್ಣಿಗೇ ಕಾಣುತ್ತದೆ. ಶತ್ರುವನ್ನು ಪಟ್ಟಿಯಲ್ಲಿ ಕೆಳಕ್ಕೆ ನೂಕುವ ಡಿಲೇ ಅಟ್ಯಾಕ್ ಕೂಡ ಟೀಡಸ್‌ನ ಬಳಿ ಇದೆ.

ಎಲ್ಲರನ್ನೂ ಇಳಿಸಿ

ಕದನದ ನಡುವೆ ಎಲ್1 ಬಟನ್ ಒತ್ತಿದರೆ ಆಡುತ್ತಿರುವವರ ಜಾಗಕ್ಕೆ ಹೊರಗಿರುವವರನ್ನು ಕರೆಯಬಹುದು. ಬೇರೆ ಯಂತ್ರಗಳಲ್ಲಿ ಅದೇ ಜಾಗದ ಭುಜದ ಬಟನ್. ಇದರಿಂದ ಸರದಿ ಪೋಲಾಗುವುದಿಲ್ಲ, ಬಂದವರು ತಕ್ಷಣ ಆಡುತ್ತಾರೆ.

ಇಡೀ ಬರಹದಲ್ಲಿ ಒಂದೇ ಸಲಹೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕದನದಲ್ಲಿ ಒಂದೇ ಒಂದು ಸರದಿ ಆಡಿದವರಿಗೂ ಪೂರ್ತಿ ಎಪಿ, ಅಂದರೆ ಪಾತ್ರವನ್ನು ಬೆಳೆಸುವ ಅಂಕ, ಸಿಗುತ್ತದೆ. ಪಾಲು ಮಾಡಿಕೊಳ್ಳುವುದಿಲ್ಲ, ಏಳೂ ಮಂದಿಗೆ ಪೂರ್ತಿ ಪೂರ್ತಿ. ಶತ್ರುವಿನ ಮುಂದೆ ನಿಂತು ಡಿಫೆಂಡ್ ಒತ್ತಿ ಹಿಂದೆ ಸರಿದರೂ ಸಾಕು. ಕದನ ಮುಗಿಯುವಾಗ ಪ್ರಜ್ಞೆ ತಪ್ಪಿ ಬಿದ್ದಿರುವವರಿಗೆ ಮಾತ್ರ ಸಿಗುವುದಿಲ್ಲ.

ಹೀಗಾಗಿ ಅಪಾಯವಿಲ್ಲದ ಕದನಗಳಲ್ಲಿ ಕೊನೆಯ ಶತ್ರುವನ್ನು ಜೀವಂತ ಉಳಿಸಿಕೊಂಡು ಉಳಿದವರನ್ನು ಒಬ್ಬೊಬ್ಬರಾಗಿ ಇಳಿಸಿ. ಯೂನಾ ಯಾರಿಗಾದರೂ ಗಾಯ ಮಾಯಿಸಲಿ, ಕಿಮಾರಿ ಲ್ಯಾನ್ಸೆಟ್ ಎಂಬ ತನ್ನ ವಿದ್ಯೆ ಹಾಕಲಿ, ರಿಕ್ಕು ಕದಿಯಲಿ. ಪ್ರತಿ ಕದನಕ್ಕೂ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಟೀಡಸ್, ಔರಾನ್, ಯೂನಾ ಮೂವರನ್ನೇ ಬೆಳೆಸಿಕೊಂಡು ಬಂದವರು ಆಮೇಲೆ ಕಷ್ಟ ಪಡುತ್ತಾರೆ. ಕತೆ ಅಲ್ಲಲ್ಲಿ ತಂಡವನ್ನು ಒಡೆದು, ನೀವು ಕಡೆಗಣಿಸಿದವರ ಕೈಗೇ ಕತ್ತಿ ಕೊಡುತ್ತದೆ. ಬಿಕನೆಲ್ ಮರಳುಗಾಡಿನಲ್ಲೂ ಬೆವೆಲ್ ನಗರದ ತಳಭಾಗದಲ್ಲೂ ಇದೇ ಆಗುವುದು.

ಸ್ಫಿಯರ್ ಗ್ರಿಡ್

ಎಪಿ ಕೂಡಿದಂತೆ ಸ್ಫಿಯರ್ ಲೆವೆಲ್ ಸಿಗುತ್ತದೆ. ಹೆಸರಿನಲ್ಲಿ ಲೆವೆಲ್ ಇದ್ದರೂ ಅದು ಬಲವಲ್ಲ, ಹೆಜ್ಜೆ ಇಡಲು ಸಿಗುವ ಅನುಮತಿ. ಗ್ರಿಡ್ ಎಂಬುದು ನೂರಾರು ಬಿಂದುಗಳನ್ನು ಗೆರೆಗಳಿಂದ ಕೂಡಿಸಿದ ದೊಡ್ಡ ನಕ್ಷೆ. ಒಂದು ಸ್ಫಿಯರ್ ಲೆವೆಲ್ ಖರ್ಚು ಮಾಡಿದರೆ ಹೊಸ ಬಿಂದುವಿಗೆ ಒಂದು ಹೆಜ್ಜೆ. ಈಗಾಗಲೇ ನಡೆದ ದಾರಿಯಲ್ಲಿ ಹಿಂದೆ ಬರುವುದಾದರೆ ಅದೇ ಬೆಲೆಗೆ ನಾಲ್ಕು ಹೆಜ್ಜೆ. ನಿಂತ ಬಿಂದುವನ್ನೂ ಪಕ್ಕದ ಬಿಂದುಗಳನ್ನೂ ತೆರೆಯಲು ಶತ್ರುಗಳಿಂದ ಸಿಗುವ ಸ್ಫಿಯರ್‌ಗಳು ಬೇಕು. ಎಚ್‌ಪಿ (ಜೀವಬಲ), ಶಕ್ತಿ, ರಕ್ಷಣೆಗೆ ಪವರ್ ಸ್ಫಿಯರ್. ಎಂಪಿ (ಮಂತ್ರ ಹಾಕಲು ಖರ್ಚಾಗುವ ಅಂಕ), ಮಂತ್ರಬಲ, ಮಂತ್ರರಕ್ಷಣೆಗೆ ಮಾನಾ ಸ್ಫಿಯರ್. ಚುರುಕು, ಗುರಿ, ತಪ್ಪಿಸಿಕೊಳ್ಳುವ ಗುಣಕ್ಕೆ ಸ್ಪೀಡ್ ಸ್ಫಿಯರ್. ಹೊಸ ವಿದ್ಯೆಗಳಿಗೆ ಎಬಿಲಿಟಿ ಸ್ಫಿಯರ್.

ಸ್ಟ್ಯಾಂಡರ್ಡ್ ಗ್ರಿಡ್‌ನಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಪ್ರದೇಶವಿದೆ, ದಾರಿ ತಪ್ಪುವ ಭಯ ಕಡಿಮೆ. ಎಕ್ಸ್‌ಪರ್ಟ್‌ನಲ್ಲಿ ಎಲ್ಲರೂ ನಡುಮಧ್ಯದಿಂದ ಹೊರಟು ಎಲ್ಲಿಗೆ ಬೇಕಾದರೂ ಹೋಗಬಹುದು. ಸ್ವಾತಂತ್ರ್ಯ ಹೆಚ್ಚು, ತಪ್ಪು ದಾರಿ ಹಿಡಿಯುವುದೂ ಅಷ್ಟೇ ಸುಲಭ. ಮೊದಲ ಆಟಕ್ಕೆ ಸ್ಟ್ಯಾಂಡರ್ಡ್ ಎಂದದ್ದು ಇದಕ್ಕೇ.

ಎರಡು ಮಾತು ಗಮನದಲ್ಲಿರಲಿ. ಸ್ಫಿಯರ್ ಲೆವೆಲ್‌ಗಳನ್ನು ಕೂಡಿಡಬೇಡಿ, ಬಂದ ಹಾಗೆ ಖರ್ಚು ಮಾಡಿ. ಕೂಡಿಟ್ಟ ಹೆಜ್ಜೆಗಳು ಕದನದಲ್ಲಿ ಕೆಲಸಕ್ಕೆ ಬಾರವು. ಮತ್ತೆ, ಬೀಗ ಹಾಕಿದ ದಾರಿಗಳಿಗೆ ಬೇಕಾದ ಕೀ ಸ್ಫಿಯರ್‌ಗಳನ್ನು ಸಿಕ್ಕ ಸಿಕ್ಕಲ್ಲಿ ಬಳಸದೆ ಆ ಬೀಗದ ಹಿಂದೆ ಏನಿದೆ ಎಂದು ನಕ್ಷೆಯಲ್ಲಿ ಮೊದಲು ನೋಡಿ.

ಕಿಮಾರಿ ಏನು ಮಾಡಬೇಕು ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಅವನ ಸ್ವಂತ ಪ್ರದೇಶ ನಡುವಿನಲ್ಲಿ ತುಸುವೇ ಇದೆ, ಅದು ಮುಗಿದ ಮೇಲೆ ಬೇರೆಯವರ ಪ್ರದೇಶಕ್ಕೇ ಹೋಗಬೇಕು. ನನ್ನ ಮತ ರಿಕ್ಕುವಿನ ಪ್ರದೇಶಕ್ಕೆ. ರಿಕ್ಕು ತಂಡಕ್ಕೆ ಕಾಯಂ ಆಗಿ ಸೇರುವುದು ಮೂನ್‌ಫ್ಲೋ ನದಿಯ ಬಳಿ. ಅಲ್ಲಿಯವರೆಗೆ ಕದಿಯುವವರೇ ಇಲ್ಲ. ಕಿಮಾರಿಗೆ ಒಂದನೆಯ ಹಂತದ ಕೀ ಸ್ಫಿಯರ್ ಕೊಟ್ಟು ಸ್ಟೀಲ್ ಎಂಬ ಕದಿಯುವ ವಿದ್ಯೆ ಕಲಿಸಿದರೆ ಆ ಕೊರತೆ ನೀಗುತ್ತದೆ. ಮುಂದೆ ಇಬ್ಬರು ಕಳ್ಳರಿರುವುದೂ ಲಾಭವೇ.

ಓವರ್‌ಡ್ರೈವ್, ಈಯಾನ್

ಪ್ರತಿ ಪಾತ್ರದ ಬಳಿ ತುಂಬುವ ಒಂದು ಪಟ್ಟಿಯಿದೆ. ತುಂಬಿದಾಗ ಓವರ್‌ಡ್ರೈವ್ ಎಂಬ ವಿಶೇಷ ಏಟು ಸಿಗುತ್ತದೆ. ಆರಂಭದಲ್ಲಿ ಸ್ಟೋಯಿಕ್ ಎಂಬ ವಿಧಾನದಲ್ಲಿರುತ್ತದೆ, ಅಂದರೆ ಏಟು ತಿಂದಷ್ಟೂ ತುಂಬುತ್ತದೆ. ಏಟು ಕೊಟ್ಟರೆ ತುಂಬುವುದು, ಜೊತೆಗಾರರು ಏಟು ತಿಂದರೆ ತುಂಬುವುದು ಮುಂತಾದ ಬೇರೆ ವಿಧಾನಗಳು ಆಡುತ್ತಾ ಕಲಿತುಕೊಳ್ಳುವಂಥವು. ಕಲಿತ ಕೂಡಲೇ ಮೆನುವಿನಲ್ಲಿ ಬದಲಿಸಬಹುದು. ತುಂಬಿದ ಪಟ್ಟಿ ಒಂದು ಕದನದಿಂದ ಇನ್ನೊಂದಕ್ಕೆ ಹಾಗೇ ಉಳಿಯುತ್ತದೆ. ಆದ್ದರಿಂದ ಬಾಸ್ ಬರುವ ಸುಳಿವು ಸಿಕ್ಕರೆ ಸಣ್ಣ ಶತ್ರುಗಳ ಮೇಲೆ ಖರ್ಚು ಮಾಡದೆ ಇಟ್ಟುಕೊಳ್ಳಿ.

ಕಿಮಾರಿಯದು ಸ್ವಾರಸ್ಯದ ವಿಷಯ. ಕೆಲವು ಶತ್ರುಗಳ ಮೇಲೆ ಲ್ಯಾನ್ಸೆಟ್ ಹಾಕಿದರೆ ಅವರ ವಿದ್ಯೆಯನ್ನೇ ಅವನು ಕಲಿಯುತ್ತಾನೆ, ಕಲಿತ ಕ್ಷಣದಲ್ಲೇ ಅವನ ಓವರ್‌ಡ್ರೈವ್ ತುಂಬಿಬಿಡುತ್ತದೆ. ಹೊಸ ಶತ್ರು ಕಂಡಾಗಲೆಲ್ಲ ಒಂದು ಲ್ಯಾನ್ಸೆಟ್ ಹಾಕಿ ನೋಡಿ.

ಈಯಾನ್ ಬಂದಾಗ ಉಳಿದವರೆಲ್ಲ ಹಿಂದೆ ಸರಿಯುತ್ತಾರೆ, ಅದು ಒಂಟಿಯಾಗಿ ಹೋರಾಡುತ್ತದೆ. ಯಾತ್ರೆಯ ದಾರಿಯಲ್ಲೇ ಐದು ಸಿಗುತ್ತವೆ: ಬಿಸೈಡ್‌ನಲ್ಲಿ ವ್ಯಾಲೆಫೋರ್, ಕಿಲಿಕಾದಲ್ಲಿ ಇಫ್ರಿತ್, ಜೋಸ್‌ನಲ್ಲಿ ಇಕ್ಸಿಯಾನ್, ಮಕಲೇನಿಯಾದಲ್ಲಿ ಶಿವಾ, ಬೆವೆಲ್‌ನಲ್ಲಿ ಬಹಮುತ್. ಶಿವಾ ಎಂದರೆ ಇಲ್ಲಿ ಹಿಮದ ಒಡತಿಯಾದ ಹೆಣ್ಣು. ಸರಣಿಯ ಮೂರನೆಯ ಭಾಗದಿಂದಲೂ ಈ ಹೆಸರು ಬಳಕೆಯಲ್ಲಿದೆ. ಕೈಲಾಸದ ಹಿಮವೊಂದನ್ನು ಬಿಟ್ಟರೆ ನಮ್ಮ ಶಿವನಿಗೂ ಅವಳಿಗೂ ಹೋಲಿಕೆ ಹುಡುಕಿ ಫಲವಿಲ್ಲ, ಮೊದಲ ಸಲ ನೋಡಿದಾಗ ನಗು ಬರುವುದಂತೂ ಖಂಡಿತ.

ಈಯಾನ್‌ಗಳ ಬಲ ಯೂನಾಳ ಬಲದ ಜೊತೆಗೇ ಬೆಳೆಯುತ್ತದೆ. ಯೂನಾಳ ಗ್ರಿಡ್ ಕಡೆಗಣಿಸಿದರೆ ಅವಳೊಬ್ಬಳಷ್ಟೇ ಅಲ್ಲ, ಇಡೀ ಪಡೆಯೇ ಸೊರಗುತ್ತದೆ. ಬಾಸ್ ಭಾರಿ ಏಟಿಗೆ ಅಣಿಯಾಗುತ್ತಿರುವ ಸೂಚನೆ ಕಂಡರೆ ಈಯಾನ್ ಕರೆದು ಅದರ ಎದೆಯ ಮೇಲೆ ಆ ಏಟು ಬೀಳುವಂತೆ ಮಾಡುವುದು ನ್ಯಾಯವಾದ ತಂತ್ರ. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ, ಅಷ್ಟೇ.

ಹಿಂದೆ ಬಿಟ್ಟರೆ ಸಿಗದವು

ಪ್ರತಿ ಗುಡಿಯಲ್ಲೂ ಕ್ಲಾಯ್ಸ್ಟರ್ ಆಫ್ ಟ್ರಯಲ್ಸ್ ಎಂಬ ಒಗಟಿನ ಕೋಣೆಗಳಿವೆ. ಬಣ್ಣದ ಗೋಳಗಳನ್ನು ಗೋಡೆಯ ಗೂಡಿನಿಂದ ಗೂಡಿಗೆ ಸಾಗಿಸಿ ಬಾಗಿಲು ತೆರೆಯಬೇಕು. ಬಾಗಿಲು ತೆರೆದರೂ ಡಿಸ್ಟ್ರಕ್ಷನ್ ಸ್ಫಿಯರ್ ಬಳಸಿ ಅಡಗಿಸಿಟ್ಟ ಪೆಟ್ಟಿಗೆಯನ್ನು ತೆಗೆಯದೆ ಹೊರಬರಬೇಡಿ. ಅನಿಮಾ ಎಂಬ ಗುಪ್ತ ಈಯಾನ್ ಪಡೆಯಲು ಎಲ್ಲ ಗುಡಿಗಳ ಆ ನಿಧಿ ತೆಗೆದಿರಲೇಬೇಕು. ರೀಮಾಸ್ಟರ್‌ನಲ್ಲಿ ಮತ್ತೆ ಬಿಸೈಡ್‌ಗೋ ಮಕಲೇನಿಯಾಕ್ಕೋ ಹೋದರೆ ಡಾರ್ಕ್ ಈಯಾನ್‌ಗಳು ದಾರಿಗೆ ಅಡ್ಡ ನಿಂತಿರುತ್ತವೆ. ಅವುಗಳನ್ನು ಸೋಲಿಸುವುದು ಆಟ ಮುಗಿಸುವುದಕ್ಕಿಂತ ಕಷ್ಟ. ಬೆವೆಲ್ ಗುಡಿಯ ಒಗಟಿಗಂತೂ ಎರಡನೆಯ ಪ್ರವೇಶವೇ ಇಲ್ಲ.

ಅಲ್ ಬೆಡ್ ಎಂಬ ಸಮುದಾಯ ಯಂತ್ರ ಬಳಸುತ್ತದೆಂದು ಯೆವೊನ್ ಜನ ಅವರನ್ನು ಹೀನವಾಗಿ ಕಾಣುತ್ತಾರೆ. ಅವರ ಭಾಷೆ ನಿಮಗೆ ಮೊದಲು ಅರ್ಥವಾಗುವುದಿಲ್ಲ. ಆಟದ ಉದ್ದಕ್ಕೂ 26 ಪ್ರೈಮರ್ ಪುಸ್ತಕಗಳಿವೆ, ಒಂದೊಂದು ಸಿಕ್ಕಾಗಲೂ ಒಂದೊಂದು ಅಕ್ಷರ ತಿಳಿಯಾಗುತ್ತದೆ. ಅವರ ನೆಲೆಯಾದ ಹೋಮ್‌ಗೆ ಕಾಲಿಟ್ಟಾಗ ಗದ್ದಲ ಎಷ್ಟೇ ಇರಲಿ, ಮೂಲೆ ಮೂಲೆ ಹುಡುಕಿ. ಮತ್ತೆ ಅಲ್ಲಿಗೆ ಹೋಗಲಾಗುವುದಿಲ್ಲ.

ಲೂಕಾ ನಗರ ಮತ್ತು ಬ್ಲಿಟ್ಸ್‌ಬಾಲ್

ನೀರು ತುಂಬಿದ ಗೋಳದೊಳಗೆ ಆರಾರು ಮಂದಿ ಆಡುವ ಆಟ ಇದು, ಒಟ್ಟು ಆರು ತಂಡಗಳು. ಲೂಕಾದಲ್ಲಿ ವಕ್ಕಾನ ಬಿಸೈಡ್ ಆರಾಕ್ಸ್ ತಂಡ ಫೈನಲ್ ಆಡುತ್ತದೆ, ನಡೆಸುವವರು ನೀವು. ಎದುರಾಳಿಗಳು ಬಲಿಷ್ಠರು, ನಿಯಮಗಳು ಅರ್ಥವಾಗುವಷ್ಟರಲ್ಲಿ ಎರಡು ಗೋಲು ಬಿದ್ದಿರುತ್ತವೆ. ಸೋತರೂ ಕತೆ ಮುಂದುವರಿಯುತ್ತದೆ, ಚಿಂತೆ ಬೇಡ. ಗೆಲ್ಲಲೇಬೇಕೆಂದರೆ ಲೂಕಾಗೆ ಬರುವ ಹಡಗಿನ ಮೇಲೆ, ರಾತ್ರಿಯಲ್ಲಿ, ಟೀಡಸ್ ತನ್ನ ತಂದೆಯ ಜೆಕ್ಟ್ ಶಾಟ್ ಅಭ್ಯಾಸ ಮಾಡುವ ಅವಕಾಶ ತಪ್ಪಿಸಿಕೊಳ್ಳಬೇಡಿ.

ಇದೇ ಊರಿನಲ್ಲಿ ಟೀಡಸ್ ಮತ್ತು ಯೂನಾ ಕೃತಕವಾಗಿ ಜೋರಾಗಿ ನಗುವ ದೃಶ್ಯ ಬರುತ್ತದೆ. ಕೆಟ್ಟ ಡಬ್ಬಿಂಗ್‌ಗೆ ಉದಾಹರಣೆ ಎಂದು ವರ್ಷಗಟ್ಟಲೆ ಗೇಲಿಗೆ ಗುರಿಯಾದ ದೃಶ್ಯ. ಬೇಕೆಂದೇ ಬಲವಂತದಿಂದ ನಗುತ್ತಿದ್ದಾರೆ ಎಂಬುದು ದೃಶ್ಯದ ಮಾತುಗಳಲ್ಲೇ ಇದೆ. ಹಿಂದುಮುಂದಿಲ್ಲದೆ ಆ ಒಂದು ತುಣುಕನ್ನು ನೋಡಿದವರು ನಕ್ಕರು.

ಸಾಮಾನ್ಯವಾಗಿ ಎಡವುವ ಜಾಗಗಳು

ಮಿಹೆನ್ ಹೆದ್ದಾರಿಯ ಚೊಕೊಬೊ ಈಟರ್ ನಿಮ್ಮನ್ನು ಬಂಡೆಯಂಚಿಗೆ ತಳ್ಳುತ್ತಾ ಬರುತ್ತದೆ. ಕೆಳಗೆ ಬಿದ್ದರೂ ಆಟ ಮುಗಿಯುವುದಿಲ್ಲ, ಕೆಳದಾರಿಯಿಂದ ನಡೆಯುತ್ತೀರಿ. ಹೆದರಿಕೆ ಬೇಡ.

ಬೆವೆಲ್‌ನ ತಳದಲ್ಲಿ ಎದುರಾಗುವ ಎವ್ರೇ ಅಲ್ಟಾನಾ ಶವರೂಪಿ ಡ್ರ್ಯಾಗನ್. ಜೋಂಬಿ ಸ್ಥಿತಿಯವರಿಗೆ ಬದುಕಿಸುವ ಮದ್ದೇ ವಿಷ. ಎರಡು ಫೀನಿಕ್ಸ್ ಡೌನ್ ಎಸೆಯಿರಿ, ಮುಗಿಯಿತು. ಈ ತರ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಗಗಜೆಟ್ ಬೆಟ್ಟದಲ್ಲಿ ಅದು ನಿಮ್ಮ ವಿರುದ್ಧವೇ ತಿರುಗುತ್ತದೆ.

ಆ ಬೆಟ್ಟದ ಬಾಸ್ ಸೀಮೋರ್ ಫ್ಲಕ್ಸ್, 70,000 ಎಚ್‌ಪಿ. ಬಹಳ ಮಂದಿ ಆಟ ಕೈಬಿಟ್ಟ ಜಾಗ ಇದು. ಅವನ ಜೊತೆ ಮಾರ್ಟಿಯಾರ್ಕಿಸ್ ಎಂಬ ಯಂತ್ರದಂಥ ಜೊತೆಗಾರನಿದ್ದಾನೆ. ಸೀಮೋರ್ ಲ್ಯಾನ್ಸ್ ಆಫ್ ಅಟ್ರಫಿ ಎಂಬ ಏಟಿನಿಂದ ನಿಮ್ಮವರೊಬ್ಬರನ್ನು ಜೋಂಬಿ ಮಾಡುತ್ತಾನೆ. ಮುಂದಿನ ಸರದಿಯಲ್ಲಿ ಮಾರ್ಟಿಯಾರ್ಕಿಸ್ ಅವರ ಮೇಲೆ ಫುಲ್ ಲೈಫ್ ಹಾಕುತ್ತದೆ. ಜೀವದಾನದ ಮಂತ್ರದಿಂದಲೇ ಸಾವು. ಈಗ ಸರದಿ ಪಟ್ಟಿ ನೋಡಿ. ಈಟಿ ಬಿದ್ದದ್ದಕ್ಕೂ ಮಾರ್ಟಿಯಾರ್ಕಿಸ್ ಸರದಿಗೂ ನಡುವೆ ನಿಮ್ಮವರ ಚಿತ್ರ ಇದೆಯೇ? ಇದ್ದರೆ ಹೋಲಿ ವಾಟರ್ ಬಳಸಿ ಜೋಂಬಿ ಸ್ಥಿತಿ ತೆಗೆಯಿರಿ, ಫುಲ್ ಲೈಫ್ ಆಗ ಕೊಲ್ಲಲಾರದು. ಆ ಸಂದು ಸಿಗುವಂತೆ ಮಾಡುವುದೇ ಹೇಸ್ಟ್‌ನ ಕೆಲಸ. ಕದನಕ್ಕೆ ಮೊದಲು ಹತ್ತಾರು ಹೋಲಿ ವಾಟರ್ ಇರಲಿ. ಈಯಾನ್ ಬಂದರೆ ಬೇಗನೆ ಬಹಿಷ್ಕರಿಸಿಬಿಡುತ್ತಾನೆ, ಹಾಗಾಗಿ ಎಲ್ಲ ಈಯಾನ್‌ಗಳ ಓವರ್‌ಡ್ರೈವ್ ಮೊದಲೇ ತುಂಬಿಕೊಂಡು ಹೋಗಿ: ಕರೆಯುವುದು, ಓವರ್‌ಡ್ರೈವ್ ಹೊಡೆಸುವುದು, ಹೋದರೆ ಹೋಗಲಿ ಎಂದು ಮುಂದಿನದನ್ನು ಕರೆಯುವುದು. ಮಾರ್ಟಿಯಾರ್ಕಿಸ್‌ನನ್ನು ಕೊಂದರೆ ಅದು ಸೀಮೋರ್‌ನ ಜೀವದಿಂದಲೇ 4,000 ಎಚ್‌ಪಿ ಹೀರಿ ಎದ್ದು ನಿಲ್ಲುತ್ತದೆ. ನಿಮಗೆ ಅದೂ ಲಾಭವೇ.

ಅದರ ನಂತರ ಝನಾರ್ಕಂಡ್‌ನಲ್ಲಿ ಮೂರು ರೂಪ ತಾಳುವ ಒಬ್ಬ ಬಾಸ್ ಇದ್ದಾಳೆ, ಹೆಸರು ಹೇಳುವುದಿಲ್ಲ. ಎರಡನೆಯ ರೂಪದಲ್ಲಿ ಎಲ್ಲರನ್ನೂ ಜೋಂಬಿ ಮಾಡುತ್ತಾಳೆ. ಅಭ್ಯಾಸಬಲದಿಂದ ಎಲ್ಲರಿಗೂ ಹೋಲಿ ವಾಟರ್ ಹಾಕಬೇಡಿ. ಮೂರನೆಯ ರೂಪದ ಮೆಗಾ ಡೆತ್ ಜೋಂಬಿಗಳನ್ನು ಕೊಲ್ಲಲಾರದು, ಉಳಿದವರನ್ನೆಲ್ಲ ಕೊಲ್ಲಬಲ್ಲದು. ಒಬ್ಬಿಬ್ಬರು ಜೋಂಬಿಗಳಾಗಿಯೇ ಉಳಿಯಲಿ.

ಹಡಗು ಹಾರಿದ ಮೇಲೆ

ಕೊನೆಯ ಕದನಕ್ಕೆ ಮೊದಲು ಆಕಾಶನೌಕೆ ನಿಮ್ಮ ಕೈಗೆ ಬರುತ್ತದೆ, ಆಗ ಇಡೀ ಸ್ಪೀರಾ ತೆರೆದುಕೊಳ್ಳುತ್ತದೆ. ಕತೆ ಮುಗಿಸುವುದಷ್ಟೇ ಬೇಕಿದ್ದರೆ ನೇರ ಹೋಗಿ, ಎಲ್ಲರನ್ನೂ ಬೆಳೆಸಿಕೊಂಡು ಬಂದ ತಂಡಕ್ಕೆ ತೊಂದರೆಯಾಗದು. ಇನ್ನೂ ಆಡುವ ಆಸೆಯಿದ್ದರೆ ಕಾಮ್ ಲ್ಯಾಂಡ್ಸ್‌ನಿಂದ ಶುರು ಮಾಡಿ. ಅಲ್ಲಿಯ ಮಾನ್ಸ್ಟರ್ ಅರೀನಾದಲ್ಲಿ ಶತ್ರುಗಳನ್ನು ಸೆರೆಹಿಡಿಯುವ ಆಯುಧಗಳನ್ನು ಮಾರುತ್ತಾರೆ. ಹತ್ತಿರದ ಗುಹೆಯಲ್ಲಿ ಯೋಜಿಂಬೊ ಎಂಬ ಬಾಡಿಗೆ ಸಮುರಾಯ್ ಈಯಾನ್ ಇದ್ದಾನೆ. ಅವನು ಕೇಳುವ ಬೆಲೆ 2,50,000 ಗಿಲ್ (ಆಟದ ದುಡ್ಡು) ವರೆಗೂ ಹೋಗುತ್ತದೆ. ಕೇಳಿದಷ್ಟೂ ಕೊಡಬೇಡಿ, ಚೌಕಾಸಿಗೆ ಬಗ್ಗುತ್ತಾನೆ. ಕದನದಲ್ಲೂ ಕೊಟ್ಟ ದುಡ್ಡಿನ ಮೇಲೆಯೇ ಅವನ ಏಟು, ಮನಸ್ಸು ಬಂದರೆ ಎದುರಾಳಿ ಯಾರೇ ಆಗಿರಲಿ ಒಂದೇ ಬೀಸಿಗೆ ಮುಗಿಸುತ್ತಾನೆ.

ಪ್ರತಿಯೊಬ್ಬರಿಗೂ ಒಂದೊಂದು ಸೆಲೆಸ್ಟಿಯಲ್ ಆಯುಧವಿದೆ. ಪೂರ್ತಿ ಬಲ ಬಂದಾಗ ಅದು 9,999ರ ಮಿತಿಯನ್ನು ಮುರಿದು 99,999ರವರೆಗೆ ಹೊಡೆಯುತ್ತದೆ. ಪಡೆಯುವ ಷರತ್ತುಗಳು ಕೆಲವು ಸಹ್ಯ, ಕೆಲವು ಶುದ್ಧ ಹಿಂಸೆ. ಲೂಲೂವಿನ ಆಯುಧಕ್ಕಾಗಿ ಥಂಡರ್ ಪ್ಲೇನ್ಸ್‌ನಲ್ಲಿ ಸತತ 200 ಸಿಡಿಲುಗಳನ್ನು ತಪ್ಪಿಸಿಕೊಳ್ಳಬೇಕು, ಒಂದು ತಗುಲಿದರೆ ಎಣಿಕೆ ಮತ್ತೆ ಸೊನ್ನೆ. ಇದನ್ನು ಮಾಡದಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ. ಡಾರ್ಕ್ ಈಯಾನ್‌ಗಳನ್ನು, ಅವುಗಳ ಆಚೆಗಿರುವ 1.2 ಕೋಟಿ ಎಚ್‌ಪಿಯ ಪೆನನ್ಸ್‌ನನ್ನು ಎದುರಿಸುವ ಹಟವಿದ್ದವರಿಗೆ ಮಾತ್ರ ಈ ಆಯುಧಗಳೆಲ್ಲ ಬೇಕು.

ಸಿನ್‌ನ ಒಳಹೋಗುವ ಮೊದಲು ಬೇರೆಯೇ ಸ್ಲಾಟ್‌ನಲ್ಲಿ ಒಂದು ಸೇವ್ ಇಟ್ಟುಕೊಳ್ಳಿ. ಕೊನೆಯ ಕದನ ಮುಗಿದ ಮೇಲೆ ತಿರುಗಾಡಲು ಲೋಕ ಉಳಿದಿರುವುದಿಲ್ಲ, ಬಾಕಿ ಕೆಲಸಗಳಿಗೆ ಆ ಹಳೆಯ ಸೇವ್‌ನಿಂದಲೇ ಹಿಂದಿರುಗಬೇಕು.